ಚಿಪ್ಪಿನ ಋಣ

ಪ್ರತಿ ಗಾಯಕ್ಕೂ ಪ್ರಕೃತಿ ಎಲ್ಲೋ ಒಂದು ಮದ್ದು ಇಟ್ಟಿರುತ್ತದೆ ಎಂದು ನಂಬುವುದು ನಮಗೆ ಹಿತ. ಸೀಗಡಿಯ ಚಿಪ್ಪಿನಿಂದ ರಕ್ತ ನಿಲ್ಲಿಸುವ ಪಟ್ಟಿ ಮಾಡುತ್ತಾರೆಂದು ಕೇಳಿದಾಗಲೂ ಮನಸ್ಸು ಅತ್ತಲೇ ವಾಲುತ್ತದೆ. ಆದರೆ ಸೀಗಡಿ ನಮಗಾಗಿ ಏನನ್ನೂ ಇಟ್ಟಿರಲಿಲ್ಲ. ಚಿಪ್ಪು ಇದ್ದದ್ದು ಅದರ ಮೈ ಕಾಯುವುದಕ್ಕೆ.

ಆ ಚಿಪ್ಪಿನ ಬಿಗಿಗೆ ಆಧಾರ ಕೈಟಿನ್. ಏಡಿ, ಜೀರುಂಡೆ, ಅಣಬೆಗಳಲ್ಲೂ ಅದು ಉಂಟು. ಫ್ರಾನ್ಸಿನ ಆನ್ರಿ ಬ್ರಾಕೊನೊ 1811ರಲ್ಲಿ ಅದನ್ನು ಕಂಡದ್ದು ಅಣಬೆಯಲ್ಲೇ. ನೀರಿಗೆ ಕರಗದು, ಸುಲಭಕ್ಕೆ ಯಾವುದರೊಡನೆಯೂ ಬೆರೆಯದು. ಕವಚ ಇರಬೇಕಾದದ್ದೇ ಹಾಗೆ. 1859ರಲ್ಲಿ ಶಾರ್ಲ್ ರೂಜೆ ಅದನ್ನು ಗಾಢ ಕ್ಷಾರದಲ್ಲಿ ಕುದಿಸಿದಾಗ ಗುಣವೇ ಬದಲಾಯಿತು: ಹುಳಿ ದ್ರಾವಣದಲ್ಲಿ ಕರಗತೊಡಗಿತು. ಇಂದಿನ ಕಾರ್ಖಾನೆಗಳ ದಾರಿಯೂ ಹೆಚ್ಚುಕಡಿಮೆ ಅದೇ. ಆಮ್ಲದಿಂದ ಸುಣ್ಣದಂಶ ತೆಗೆದು, ಕಾಸ್ಟಿಕ್ ಸೋಡಾದಿಂದ ಪ್ರೋಟೀನು ಕಳೆದು, ಇನ್ನೂ ಗಾಢ ಸೋಡಾದಲ್ಲಿ ಬೇಯಿಸಿ ಅಸಿಟೈಲ್ ಗುಂಪುಗಳನ್ನು ಕಿತ್ತರೆ ಉಳಿಯುವುದು ಕೈಟೋಸಾನ್.

ಇಷ್ಟರಲ್ಲಿ ಸೇರಿಸಿದ್ದು ಏನೂ ಇಲ್ಲ, ಬರೀ ಕಳೆದದ್ದು. ಅಸಿಟೈಲ್ ಹೋದಲ್ಲಿ ಬಯಲಾಗುವ ಅಮೀನು ಗುಂಪು ತುಸು ಆಮ್ಲೀಯತೆ ಸಿಕ್ಕರೆ ಧನ ವಿದ್ಯುದಾವೇಶ ಪಡೆಯುತ್ತದೆ. ಕೆಂಪು ರಕ್ತಕಣಗಳ ಹೊರಮೈಯದು ಋಣ ಆವೇಶ. ನಾಳಗಳಲ್ಲಿ ಅವು ಒಂದಕ್ಕೊಂದು ಅಂಟದೆ ಹರಿಯುವುದಕ್ಕೆ ಅದೂ ಒಂದು ಕಾರಣ. ಕೈಟೋಸಾನ್ ತಾಗಿತೋ, ಕಣಗಳು ಅದಕ್ಕೆ ಮುತ್ತಿಕೊಂಡು ಮುದ್ದೆಗಟ್ಟಿ ಗಾಯದ ಬಾಯನ್ನು ಮುಚ್ಚುತ್ತವೆ. ದೇಹದ ಸ್ವಂತ ಹೆಪ್ಪುಗಟ್ಟುವಿಕೆ ಹಲವು ಪ್ರೋಟೀನುಗಳು ಸರದಿಯಲ್ಲಿ ಎಚ್ಚರಗೊಳ್ಳಬೇಕಾದ ಕೆಲಸ. ಮೈ ತಣ್ಣಗಾದರೆ, ರಕ್ತದಲ್ಲಿ ಹೆಪ್ಪು ತಡೆಯುವ ಹೆಪಾರಿನ್ ಇದ್ದರೆ ಆ ಸರದಿ ಮುಗ್ಗರಿಸುತ್ತದೆ. ಕೈಟೋಸಾನ್ ಅದಕ್ಕಾಗಿ ಕಾಯುವುದಿಲ್ಲ. ಯಾರ ರಕ್ತವೆಂದೂ ಕೇಳುವುದಿಲ್ಲ. ಕೇಳಲು ಅಲ್ಲಿ ಯಾರೂ ಇಲ್ಲ.

ಈ ಪಟ್ಟಿಯ ಚರಿತ್ರೆಯಲ್ಲೂ ಕರುಣೆಯನ್ನು ಹುಡುಕಬೇಕು. ಹೆಮ್‌ಕಾನ್ ಎಂಬ ಕೈಟೋಸಾನ್ ಪಟ್ಟಿ ಸಿದ್ಧವಾದದ್ದು ಅಮೆರಿಕದ ಆರಿಗನ್‌ನಲ್ಲಿ, ಸೇನೆಯ ಹಣದ ನೆರವಿನಿಂದ. 2002ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು; ಮರುವರ್ಷವೇ ಇರಾಕ್ ಯುದ್ಧ. ಒಂದೇ ಸರಕಾರ ಗುಂಡಿಗೂ ದುಡ್ಡು ಕೊಟ್ಟಿತು, ಗಾಯದ ಪಟ್ಟಿಗೂ ಕೊಟ್ಟಿತು. ನಮ್ಮಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಆಕ್ಸಿಯೋಸ್ಟಾಟ್ ಎಂಬ ಇಂಥದೇ ಪಟ್ಟಿ ಕೂಡ ಸೈನಿಕರ ಚೀಲ ಸೇರಿದೆ. ಇನ್ನು ಚಿಪ್ಪು ಬರುವ ಕಡೆ ನೋಡಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸೀಗಡಿ ತ್ಯಾಜ್ಯದಿಂದ ಕೈಟಿನ್, ಕೈಟೋಸಾನ್ ತೆಗೆಯುವ ವಿಧಾನಗಳನ್ನು ರೂಪಿಸಿದೆ. ಅಲ್ಲಿಂದ ದೂರವಿಲ್ಲದ ಅರೂರಿನ ಶೆಡ್ಡುಗಳಲ್ಲಿ ಸಿಪ್ಪೆ ಸುಲಿಯುವವರು ಬಹುಪಾಲು ಹೆಂಗಸರು. ಮಂಜುಗಡ್ಡೆಯ ನೀರಿಗೆ ಮರಗಟ್ಟಿದ ಬೆರಳಿಗೆ ಸೀಗಡಿಯ ತಲೆಯ ಮುಳ್ಳು ಚುಚ್ಚುತ್ತದೆ. ಅಂಥ ಗಾಯಕ್ಕೆ ಇಷ್ಟು ದುಬಾರಿಯ ಪಟ್ಟಿಯನ್ನು ಯಾರೂ ಬಿಚ್ಚುವುದಿಲ್ಲ.

ನಮ್ಮ ಮೈಯಾದರೂ ಕೈಟೋಸಾನನ್ನು ಪ್ರೀತಿಯಿಂದ ಬರಮಾಡಿಕೊಳ್ಳುತ್ತದೆಯೇ? ಮನುಷ್ಯದೇಹ ಕೈಟಿನ್ ತಯಾರಿಸುವುದಿಲ್ಲ, ಆದರೆ ಅದನ್ನು ಒಡೆಯುವ ಕಿಣ್ವಗಳನ್ನು ಇಟ್ಟುಕೊಂಡಿದೆ. ಶಿಲೀಂಧ್ರ, ಪರೋಪಜೀವಿಗಳ ವಿರುದ್ಧದ ಹಳೆಯ ಸಿದ್ಧತೆ ಇರಬೇಕು. ಕಣ್ಣೀರಿನಲ್ಲೂ ಗಾಯದ ರಸದಲ್ಲೂ ಇರುವ ಲೈಸೋಜೈಮ್ ಎಂಬ ಕಿಣ್ವ ಬ್ಯಾಕ್ಟೀರಿಯಾಗಳ ಗೋಡೆ ಕೆಡವುವಂಥದ್ದು. ಅದೇ ಕೈಟೋಸಾನನ್ನೂ ಮೆಲ್ಲಗೆ ತುಂಡರಿಸುತ್ತದೆ. ವೈದ್ಯರು ಇದನ್ನು ದೇಹಕ್ಕೆ ಒಗ್ಗುವ ವಸ್ತು ಎನ್ನುತ್ತಾರೆ. ನನಗೆ ಇದು ಹಳೆಯ ಹಗೆತನದ ಉಪಯೋಗದಂತೆ ಕಾಣುತ್ತದೆ.

ಅಂದಮೇಲೆ ಅಣುವಿನಲ್ಲಿ ದಯೆಯಿಲ್ಲ, ಚಿಪ್ಪಿನಲ್ಲಿ ದಾನವಿಲ್ಲ. ಹಾಗೆಂದು ವಾಸಿಯಾಗುವುದರ ಬೆಲೆ ಕುಗ್ಗಿತೆಂದು ನನಗನಿಸುವುದಿಲ್ಲ. ದಯೆಯನ್ನು ಹುಡುಕುವ ಜಾಗ ಮಾತ್ರ ಬದಲಾಗುತ್ತದೆ. ರಕ್ತ ನಿಲ್ಲುವುದು ಬೇರೆ, ಗಾಯ ಮಾಯುವುದು ಬೇರೆ ಎಂಬುದನ್ನೂ ಮರೆಯಬಾರದು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನಂಥ ಹಟಮಾರಿ ಗಾಯಗಳಲ್ಲಿ ಕೈಟೋಸಾನ್ ತೇವ ಕಾಪಾಡಬಹುದು, ಬ್ಯಾಕ್ಟೀರಿಯಾಗಳನ್ನು ತಡೆಯಬಹುದು; ಹೊಸ ಚರ್ಮ ಬೆಳೆಸಬೇಕಾದದ್ದು ದೇಹವೇ, ಪಟ್ಟಿ ಬದಲಿಸುತ್ತ ಕಾಯಬೇಕಾದದ್ದು ಮನೆಯವರೇ. ಧಾರೆಯಾಗಿ ಸುರಿಯುವ ರಕ್ತದ ಮುಂದೂ ಪಟ್ಟಿ ಇಟ್ಟು ಸುಮ್ಮನಾದರೆ ಆಗದು. ಆವೇಶಗಳು ತಮ್ಮ ಕೆಲಸ ಮುಗಿಸುವ ತನಕ ಯಾರಾದರೂ ಅದರ ಮೇಲೆ ಅಂಗೈಯೂರಿ ಕೆಲವು ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಡುವೆ ಎತ್ತಿ ನೋಡುವಂತಿಲ್ಲ.