ಮೂಲೆಮಟ್ಟದ ಮಾತು

ಮೂರು ಕಾಲಿನ ಸ್ಟೂಲನ್ನು ಎಂಥ ಏರುತಗ್ಗಿನ ನೆಲದ ಮೇಲಿಟ್ಟರೂ ಅದು ಅಲ್ಲಾಡುವುದಿಲ್ಲ. ನಾಲ್ಕನೆಯ ಕಾಲು ಬಂತೋ, ತಕರಾರು ಶುರು. ಒಂದು ಕಾಲು ಉದ್ದವಾಯಿತೆಂದು ಚೂರು ಕೆತ್ತಿದರೆ ಇನ್ನೊಂದು ನೆಲ ಬಿಟ್ಟು ಮೇಲೇಳುತ್ತದೆ. ಅದನ್ನು ಸರಿಮಾಡಲು ಹೋದರೆ ಮತ್ತೊಂದು. ಹೀಗೆ ಕೆತ್ತುತ್ತ ಕೆತ್ತುತ್ತ ಸ್ಟೂಲು ಕಡೆಗೆ ಮಣೆಯಾಗಿಬಿಡುವುದೂ ಉಂಟು. ಈ ಪಾಡು ಪಟ್ಟ ಹತ್ತು ವರ್ಷದ ಹುಡುಗಿಗೆ, ಒಂದೇ ಗೆರೆಯ ಮೇಲಿಲ್ಲದ ಮೂರು ಬಿಂದುಗಳಿದ್ದರೆ ಒಂದು ಸಮತಲ ಗೊತ್ತಾಗುತ್ತದೆ ಎಂಬ ಪಾಠ ಮುಂದೆಂದೋ ಎದುರಾದಾಗ, ಅದು ಗುರುತಿನವರ ಮುಖದಂತೆ ಕಾಣುತ್ತದೆ.

ಇಲ್ಲಿ ನನಗೆ ಮುಖ್ಯವೆನಿಸುವುದು ಗಣಿತವಲ್ಲ. ‘ತಪ್ಪು’ ಎಂದು ಮೇಷ್ಟ್ರು ಹೇಳಿದಾಗ ಮಗು ಮೇಷ್ಟ್ರ ಮುಖ ನೋಡುತ್ತದೆ. ಸ್ಟೂಲು ಅಲ್ಲಾಡಿದಾಗ ಸ್ಟೂಲಿನ ಕಾಲು ನೋಡುತ್ತದೆ. ಮರಕ್ಕೆ ಸಿಟ್ಟಿಲ್ಲ, ಮುಲಾಜೂ ಇಲ್ಲ. ಜಾಣ ಮಗು, ದಡ್ಡ ಮಗು ಎಂಬ ಪಟ್ಟಿಯೂ ಅದರ ಬಳಿ ಇಲ್ಲ. ಅಳತೆ ತಪ್ಪಿದೆ, ಅಷ್ಟೆ. ಭಯವಿಲ್ಲದೆ ತನ್ನ ತಪ್ಪನ್ನು ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಅಂಥ ಜಾಗವೊಂದು ಇತ್ತು. ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ಡೇವಿಡ್ ಹಾರ್ಸ್‌ಬರೋ 1972ರಲ್ಲಿ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ತೆರೆದರು. 1943ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನವರು, ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದವರು, ಅವರು ಆಂಧ್ರದ ಗಡಿಗೆ ಅಂಟಿಕೊಂಡ ಈ ಬಯಲುಸೀಮೆಯಲ್ಲಿ ಹಳ್ಳಿಯ ಮಕ್ಕಳ ನಡುವೆ ನೆಲೆನಿಂತರು. ಇಂಗ್ಲಿಷು, ಗಣಿತ, ತೆಲುಗು, ಸಂಸ್ಕೃತದ ಜೊತೆಗೆ ಮರಗೆಲಸ, ಹೊಲಿಗೆ, ಗಾರೆ ಕೆಲಸ, ತೋಟ, ಸಂಗೀತ ಎಲ್ಲವೂ ಅಲ್ಲಿ ಪಾಠವೇ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯುತ್ತಿದ್ದರು. ಪರೀಕ್ಷೆ ಇರಲಿಲ್ಲ, ಶಿಕ್ಷೆ ಇರಲಿಲ್ಲ. ಇದನ್ನು ಕೇಳಿದವರು ‘ಹಾಗಾದರೆ ಮಕ್ಕಳು ಕಲಿತದ್ದು ಗೊತ್ತಾಗುವುದು ಹೇಗೆ’ ಎನ್ನುತ್ತಾರೆ. ಗಾರೆ ಕೆಲಸ ಮಾಡಿದವರು ಹೀಗೆ ಕೇಳಲಾರರು.

ಪಾಯ ಹಾಕುವ ಮೇಸ್ತ್ರಿಯನ್ನು ನೋಡಿ. ಮೂಲೆ ಸರಿಯಾಗಿ ಕೂತಿದೆಯೋ ಎಂದು ತಿಳಿಯಲು ಒಂದು ಬದಿಯಲ್ಲಿ ಮೂರಡಿ, ಇನ್ನೊಂದು ಬದಿಯಲ್ಲಿ ನಾಲ್ಕಡಿ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪು ಹಿಡಿಯುತ್ತಾನೆ. ಸರಿಯಾಗಿ ಐದಡಿ ಬಂದರೆ ಮೂಲೆಮಟ್ಟ ಕೂತಿತು. ಒಂದಂಗುಲ ಹೆಚ್ಚಾದರೂ ದಾರ ಬಿಚ್ಚಿ ಮತ್ತೆ ಕಟ್ಟಬೇಕು. ಗೋಡೆ ನೆಟ್ಟಗಿದೆಯೇ ಎಂಬುದಕ್ಕೆ ತೂಗುಗುಂಡು, ಸಾಲು ಸಮವಾಗಿದೆಯೇ ಎಂಬುದಕ್ಕೆ ರಸಮಟ್ಟ. ಆ ಟೇಪಿನ ಇನ್ನೊಂದು ತುದಿ ಹಿಡಿದು ನಿಂತ ಮಗುವಿಗೆ ಪೈಥಾಗೊರಸ್ ಪ್ರಮೇಯದ ಅರ್ಧ ಪಾಠ ಅಲ್ಲೇ ಮುಗಿದಿರುತ್ತದೆ. ಉಳಿದರ್ಧ, ಅಂದರೆ ಅದು ಯಾಕೆ ಹಾಗೆ ಎಂಬುದು, ಪುಸ್ತಕದಿಂದಲೇ ಬರಬೇಕು. ಕೈಗೆಲಸ ಸಾಕು, ಓದು ಬೇಡ ಎನ್ನುವವರ ಜೊತೆ ನಾನಿಲ್ಲ. ಹಾರ್ಸ್‌ಬರೋ ಕೂಡ ನೀಲ್‌ಬಾಗ್‌ನಲ್ಲಿ ಸೊಗಸಾದ ಗ್ರಂಥಾಲಯ ಕಟ್ಟಿದ್ದರು.

ಈಗ ಎಲ್ಲ ಶಾಲೆಗಳಲ್ಲೂ ‘ಪ್ರಾಜೆಕ್ಟ್’ ಇದೆ, ಸರಿ. ರಾತ್ರಿ ಒಂಬತ್ತಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಥರ್ಮೋಕೋಲು, ಗ್ಲಿಟರ್, ಫೆವಿಕಾಲ್. ಮನೆಯಲ್ಲಿ ಅಮ್ಮ ಕತ್ತರಿಸುತ್ತಾಳೆ, ಅಪ್ಪ ಅಂಟಿಸುತ್ತಾನೆ, ಮಗು ನಿದ್ದೆ ಮಾಡುತ್ತದೆ. ಬೆಳಿಗ್ಗೆ ಜ್ವಾಲಾಮುಖಿ ಆಟೋ ಹತ್ತುತ್ತದೆ. ಅಂಕ ಬರುವುದು ಅಂದಕ್ಕೆ. ಅಲ್ಲಿ ಏನೂ ಅಲ್ಲಾಡುವುದಿಲ್ಲ, ಸೋರುವುದಿಲ್ಲ, ಮೊಳೆಯದೆ ಉಳಿಯುವುದಿಲ್ಲ. ಹಾಗಾಗಿ ಅದು ಮಗುವಿಗೆ ಏನನ್ನೂ ಹೇಳುವುದಿಲ್ಲ.

ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಅವರ ವಿಚಾರಗಳ ಪ್ರಭಾವದಲ್ಲಿ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ ಹಳ್ಳಿಶಾಲೆಗಳಿಗಾಗಿ ಕಲಿಕಾ ಕಾರ್ಡುಗಳನ್ನು ರೂಪಿಸಿತು. ಅವನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಶುರುಮಾಡಿದ್ದೇ ನಲಿ-ಕಲಿ ಪದ್ಧತಿ. ತರಗತಿಯಲ್ಲಿ ಏಣಿ, ಮೈಲಿಗಲ್ಲು, ಗುಂಪು ತಟ್ಟೆ, ಮಕ್ಕಳು ಮಾಡಿದ್ದನ್ನು ನೇತುಹಾಕುವ ಚಪ್ಪರ. ಹಿಂದುಳಿದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯಬಹುದು ಎಂಬುದು ಅದರ ಜೀವಾಳ. ಅವಸರದಲ್ಲಿ ಕಾರ್ಡೂ ಇನ್ನೊಂದು ಪಠ್ಯಪುಸ್ತಕವಾಗಿಬಿಡಬಹುದು. ಅದು ಕಾರ್ಡಿನ ತಪ್ಪಲ್ಲ. ಒಂದು ಮಗು ತಡವರಿಸುವಾಗ ಬಾಯಿ ಹಾಕದೆ ಪಕ್ಕದಲ್ಲಿ ಕಾಯುವುದಕ್ಕೆ ಮೇಷ್ಟ್ರಿಗೆ ಪುರುಸೊತ್ತು ಬೇಕು. ಅರವತ್ತು ಮಕ್ಕಳಿದ್ದರೆ ಆ ಪುರುಸೊತ್ತು ಎಲ್ಲಿಂದ ಬರಬೇಕು?

ಹದಿನೈದಿಪ್ಪತ್ತು ಮಕ್ಕಳಿರುವ ಹಳ್ಳಿಶಾಲೆಯನ್ನು ನಾವು ‘ಸಂಖ್ಯೆ ಕಡಿಮೆ’ ಎಂದೇ ಗುರುತಿಸುತ್ತೇವೆ, ಅದೊಂದು ಕಾಯಿಲೆ ಎಂಬಂತೆ. ಆದರೆ ಎಲ್ಲ ಮಕ್ಕಳೂ ಸರದಿಯಲ್ಲಿ ಟೇಪು ಹಿಡಿಯಲು ಆಗುವುದು ಅಲ್ಲಿಯೇ. ಅಂಥ ಶಾಲೆಯ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಬರುವ ತಂದೆತಾಯಂದಿರಲ್ಲಿ ಒಬ್ಬ ಗಾರೆ ಮೇಸ್ತ್ರಿ ಇರುತ್ತಾನೆ, ಒಬ್ಬಳು ಬಟ್ಟೆ ಹೊಲಿಯುವವಳು ಇರುತ್ತಾಳೆ, ರಾಗಿ ಬಿತ್ತನೆಗೆ ಹದ ನೋಡಬಲ್ಲವರಂತೂ ಇದ್ದೇ ಇರುತ್ತಾರೆ. ಅವರು ಬರುತ್ತಾರೆ, ಬಿಸಿಯೂಟದ ಲೆಕ್ಕ ಕೇಳುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ನಾಳೆ ಬರುವಾಗ ರಸಮಟ್ಟ ತನ್ನಿ, ಕಾಂಪೌಂಡಿನ ಮೂಲೆ ಕುಸಿದಿದೆ, ಮಕ್ಕಳ ಜೊತೆ ಕಟ್ಟೋಣ ಎಂದು ಅವರನ್ನು ಇನ್ನೂ ಯಾರೂ ಕೇಳಿಲ್ಲ.