ಯಾರನ್ನ ಕೇಳಿ ನಿಂತೀರಿ?

ಗಾಲಿ ಇರುವ ಮನೆಗೆ ನೆರೆಹೊರೆ ಅಂತ ಇರುತ್ತದೆಯೇ? ತಮಾಷೆಯ ಪ್ರಶ್ನೆ ಅನ್ನಿಸಬಹುದು. ಆದರೆ ಈಗೀಗ ನನ್ನ ಸ್ನೇಹಿತರಲ್ಲಿ ಅರ್ಧ ಜನ ವೀಕೆಂಡ್ ಬಂತೆಂದರೆ ಇಂಥದೊಂದು ಮನೆ ಬಾಡಿಗೆ ಹಿಡಿಯುತ್ತಾರೆ. ಟೆಂಪೊ ಟ್ರಾವೆಲರ್‌ನ ಸೀಟು ಕಿತ್ತು, ಎರಡು ಹಾಸಿಗೆ, ಒಂದು ಸಿಂಕು, ಪುಟ್ಟ ಫ್ರಿಜ್ಜು, ಮೂಲೆಯಲ್ಲೊಂದು ಟಾಯ್ಲೆಟ್ ಕೂರಿಸಿದ ಗಾಡಿ. ಹೋಟೆಲ್ ಬುಕ್ಕಿಂಗ್ ಬೇಡ, ಚೆಕ್ ಔಟ್ ಟೈಮ್ ಇಲ್ಲ. ಎಲ್ಲಿ ನೀರು ಚೆನ್ನಾಗಿ ಕಂಡಿತೋ ಅಲ್ಲಿ ಬ್ರೇಕ್ ಹಾಕೋದು, ಕುರ್ಚಿ ಬಿಡಿಸಿ ಕೂರೋದು.

ಸರ್ಕಾರಕ್ಕೂ ಈ ಗಾಡಿಗಳ ಮೇಲೆ ಪ್ರೀತಿ ಹೊಸದೇನಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲೇ ಕ್ಯಾರವಾನ್ ನೀತಿ ತಂದಿತ್ತು. ಕೇರಳ 2021ರಲ್ಲಿ ತನ್ನದೇ ಯೋಜನೆ ಘೋಷಿಸಿತು. ಕಾಗದದ ಮೇಲೆ ಇಂಥ ಗಾಡಿಗಳು ನಿಲ್ಲಬೇಕಾದ್ದು ಕ್ಯಾರವಾನ್ ಪಾರ್ಕ್‌ಗಳಲ್ಲಿ. ಅಲ್ಲಿ ಕರೆಂಟು, ನೀರು ಇರಬೇಕು, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ ಇರಬೇಕು. ನೆಲದ ಮೇಲೆ ಅಂಥ ಪಾರ್ಕು ಸಿಗೋದು ಅಪರೂಪ. ಸಿಗೋದು ಕೆರೆಯ ದಂಡೆ, ನದಿಯ ಘಾಟು, ಯಾರದೋ ಹೊಲದ ಅಂಚು.

ಬೆಳಗಾವಿಯಿಂದ ಗೋವಾ ಕಡೆಗೆ ಹೊರಟರೆ ಸಿಗುವ ಖಾನಾಪುರ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರನ್ನು ಹಾದು ಹೋಗುತ್ತಾಳೆ. ಹತ್ತಿರದಲ್ಲೇ ಅಸೋಗಾ, ನದಿಗೆ ಮುಖ ಮಾಡಿದ ಗುಡಿ. ಇನ್ನೊಂದು ದಾರಿ ಹಿಡಿದರೆ ನಂದಗಡ, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅದನ್ನು ದಾಟಿದರೆ ಹಲಸಿ. ನಡುವೆ ಭತ್ತದ ಗದ್ದೆ, ಕಾಡಿನ ಅಂಚು, ಅಲ್ಲಲ್ಲಿ ಕೆರೆ. ಬೆಂಗಳೂರಿನ ಟ್ರಾಫಿಕ್‌ನಿಂದ ಬಂದವರಿಗೆ ಇನ್ನೇನು ಬೇಕು?

ಹಲಸಿ ನೋಡಿಕೊಂಡು ಬರುವಾಗ ನಾವು ಐದು ಜನ ಇಂಥದೊಂದು ಕೆರೆಯ ಪಕ್ಕ ಗಾಡಿ ನಿಲ್ಲಿಸಿದ್ದೆವು. ಹೊಲದ ಯಜಮಾನರನ್ನು ಕೇಳಿ, ಅವರು ಹೇಳಿದ ದುಡ್ಡು ಕೊಟ್ಟಾಗಿತ್ತು. ಕಸಕ್ಕೆ ಚೀಲ ಇತ್ತು, ಸ್ಪೀಕರ್ ಇರಲಿಲ್ಲ. ಸಂಜೆ ಐದೂವರೆ ಇರಬೇಕು. ಗೆಳೆಯನೊಬ್ಬ ಮೀನು ಹಿಡಿಯುವ ರಾಡ್ ಕವರಿನಿಂದ ತೆಗೆಯುತ್ತಿದ್ದ. ಸೈಕಲ್ ತಳ್ಳಿಕೊಂಡು ಬಂದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಯಾರನ್ನ ಕೇಳಿ ನಿಂತೀರಿ, ತಮ್ಮಾ?"

"ಹೊಲದವರನ್ನ ಕೇಳೀವ್ರಿ ಕಾಕಾ, ರೊಕ್ಕಾನೂ ಕೊಟ್ಟೀವಿ."

"ಅದು ಹೊಲಕ್ಕ ಆತು. ಕೆರಿಗೆ?"

ಸಿಟ್ಟಿನಿಂದ ಕೇಳಿದ್ದಲ್ಲ. ಕೆರೆಯ ಮೀನಿನ ಗುತ್ತಿಗೆ ಹಿಡಿದ ಸಂಘದಲ್ಲಿ ಅವರೂ ಒಬ್ಬರು. ಮಳೆ ಬಂದ ಮೇಲೆ ಮೀನುಮರಿ ತಂದು ಬಿಟ್ಟಿದ್ದೇವೆ, ಕಾಟ್ಲಾ, ರೋಹು, ಇನ್ನೂ ದೊಡ್ಡವಾಗಬೇಕು ಅಂದರು. "ಗಾಳ ಹಾಕಬ್ಯಾಡ್ರಿ. ಮೀನ ಬೇಕಂದ್ರ ಮುಂಜಾನೆ ಬರ್ರಿ, ತೂಗಿ ಕೊಡ್ತೀವಿ." ಅಷ್ಟು ಹೇಳಿ ಹೊರಟರು. ರಾಡ್ ಮತ್ತೆ ಕವರಿಗೆ ಹೋಯಿತು. ಆದರೆ ಆ ರಾತ್ರಿ ಬೆಂಕಿಯ ಸುತ್ತ ನಡೆದ ವಾದ ಮುಗಿಯಲಿಲ್ಲ. ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ.

ಗೆಳೆಯನ ಮೊದಲ ವಾದ: ಕೆರೆ ಸರ್ಕಾರದ್ದು, ಅಂದರೆ ಎಲ್ಲರದು. ಇದನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಹಿಮಾಚಲದಲ್ಲಿ ಬಿಯಾಸ್ ನದಿಯ ದಿಕ್ಕನ್ನೇ ತಿರುಗಿಸಿದ ರೆಸಾರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. ನದಿ, ಕಾಡು, ದಂಡೆ ಇವಕ್ಕೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ. ಹಾಗಾದರೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟುವ ನನ್ನ ಗೆಳೆಯನೂ ಆ ಜನರಲ್ಲಿ ಒಬ್ಬ ತಾನೆ?

ಹೌದು. ಆದರೆ 'ಎಲ್ಲರದು' ಅನ್ನೋದನ್ನ ನಾವು ಬಹಳ ಸಲ 'ಯಾರದೂ ಅಲ್ಲ' ಅಂತ ಓದಿಕೊಳ್ಳುತ್ತೇವೆ. ಎಲ್ಲರದಾದ ಕೆರೆಯಲ್ಲಿ ಒಬ್ಬರು ಎಮ್ಮೆ ಮೈ ತೊಳೆಯುತ್ತಾರೆ, ಒಬ್ಬರು ಬಟ್ಟೆ ಒಗೆಯುತ್ತಾರೆ, ಕೆಳಗಿನ ಗದ್ದೆಯವರು ತೂಬಿನ ನೀರಿಗೆ ಕಾಯುತ್ತಾರೆ, ಸಂಘದವರು ಹಣ ಕಟ್ಟಿ ಮೀನು ಬೆಳೆಸುತ್ತಾರೆ. ಕಾಡುಹೊಳೆಯ ಮೀನಿನ ಮಾತು ಬೇರೆ. ಗುತ್ತಿಗೆ ಕೆರೆಯ ಮೀನು ಬೆಳೆ. ಪಕ್ಕದ ಹೊಲದ ಜೋಳದ ತೆನೆ ಮುರಿಯಲು ನಮಗೆ ಕೈ ಬರುವುದಿಲ್ಲ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನೀರೊಳಗಿನ ಬೆಳೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಹೊಲದವರಿಗೆ ಕೊಟ್ಟ ದುಡ್ಡು ಒಬ್ಬರ ಜೊತೆಗಿನ ಲೆಕ್ಕ ಚುಕ್ತಾ ಮಾಡಿತು. ಉಳಿದವರ ಲೆಕ್ಕ ಹಾಗೇ ಇತ್ತು. ಇಲ್ಲಿ ಯಾರು ಯಾರು ಇದ್ದಾರೆ ಅನ್ನೋದು ಹೊರಗಿನಿಂದ ಬಂದವರಿಗೆ ಗೊತ್ತಾಗಲು ಇರುವ ದಾರಿ ಒಂದೇ, ಕೇಳೋದು.

ಅವನ ಎರಡನೇ ವಾದ: ನಾನು ತಿನ್ನಲು ಹಿಡಿಯೋದಲ್ಲ, ಹಿಡಿದು ವಾಪಸ್ ನೀರಿಗೇ ಬಿಡ್ತೀನಿ. ಯಾರಿಗೇನು ನಷ್ಟ? ಈ ವಾದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಇತಿಹಾಸ ಇದೆ. ಕಾವೇರಿಯ ಭೀಮೇಶ್ವರಿಯ ಫಿಶಿಂಗ್ ಕ್ಯಾಂಪ್‌ಗಳಿಗೆ ಮಹಶೀರ್ ಹಿಡಿಯಲು ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಹಿಡಿ, ತೂಗು, ಫೋಟೊ ತೆಗಿ, ಬಿಡು. ಆ ದುಡ್ಡಿನಿಂದ ಸ್ಥಳೀಯರಿಗೆ ಗೈಡ್ ಕೆಲಸ ಸಿಕ್ಕಿತು, ಡೈನಮೈಟ್ ಹಾಕಿ ಮೀನು ಕೊಲ್ಲುವವರ ಮೇಲೆ ಕಣ್ಣಿಡಲು ಜನ ಇದ್ದರು ಅಂತ ಒಂದು ಕಡೆಯವರು. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ ಅಂತ ಇನ್ನೊಂದು ಕಡೆಯವರು. ಕೊನೆಗೆ ಅಲ್ಲಿ ಗಾಳ ಹಾಕುವುದು ನಿಂತಿತು. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಎರಡೂ ಕಡೆ ಸತ್ಯ ಇದೆ ಅಂತಲೇ ನನಗನ್ನಿಸೋದು. ಆದರೆ ಭೀಮೇಶ್ವರಿಯ ಗಟ್ಟಿ ವಾದ ಇದ್ದದ್ದು ಮೀನು ಬಿಡುವುದರಲ್ಲಿ ಅಲ್ಲ. ಬಂದವರಿಗೂ ದಂಡೆಯ ಜನಕ್ಕೂ ನಡುವೆ ಒಂದು ಒಪ್ಪಂದ ಇತ್ತಲ್ಲ, ಅದರಲ್ಲಿ. ಹಿಡಿದು ಬಿಡುವುದರಿಂದ ಹೆಚ್ಚೆಂದರೆ ನನಗೂ ಮೀನಿಗೂ ನಡುವಿನ ಲೆಕ್ಕ ಸರಿಹೋದೀತು. ತುಟಿ ಹರಿದ ಮೀನು ಅದಕ್ಕೂ ಒಪ್ಪುತ್ತದೋ ಇಲ್ಲವೋ! ಮೀನು ಸಾಕಿದವನ ಲೆಕ್ಕ ಅದರಿಂದ ಸರಿಹೋಗುವುದಿಲ್ಲ.

ಮೂರನೇ ವಾದವೇ ನನ್ನನ್ನು ಹೆಚ್ಚು ಕಾಡಿದ್ದು. ನಾವು ಬಂದ ಗುರುತೂ ಇಲ್ಲದ ಹಾಗೆ ಹೋಗ್ತೀವಿ, ಅದಕ್ಕಿಂತ ಒಳ್ಳೆಯ ಅತಿಥಿ ಬೇಕಾ? ಕ್ಯಾಂಪಿಂಗ್ ಮಾಡುವವರ ದೊಡ್ಡ ನೀತಿ ಇದು, ಒಳ್ಳೆಯ ನೀತಿಯೂ ಹೌದು. ನದಿಯ ಘಾಟಿನಲ್ಲಿ ಬಿಯರ್ ಬಾಟಲಿ ಒಡೆದು ಹೋಗುವವರ ನಡುವೆ ಇದನ್ನು ಪಾಲಿಸುವವರಿಗೆ ನಮಸ್ಕಾರ. ಆದರೆ ಗುರುತು ಉಳಿಸದೆ ಹೋಗುವುದೇ ಒಳ್ಳೆಯತನದ ಕೊನೆಯ ಮೆಟ್ಟಿಲೇ?

ಬೆಳಗಾವಿ ಜಿಲ್ಲೆಯಲ್ಲಿ ಬಯಲಲ್ಲಿ ಮಲಗುವವರು ನಾವು ಮೊದಲಿಗರೇನಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರುಬರ ಕುರಿಹಿಂಡು ಬೀಡು ಬಿಡುತ್ತದೆ. ಹಿಂಡು ರಾತ್ರಿ ನಿಂತ ಹೊಲಕ್ಕೆ ಗೊಬ್ಬರ ಬೀಳುತ್ತದೆ. ಹೊಲದವರು ಅದಕ್ಕಾಗಿ ಕುರುಬರಿಗೆ ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ನಾವು ಜಾಗಕ್ಕೆ ದುಡ್ಡು ಕೊಟ್ಟು ಮಲಗುತ್ತೇವೆ, ಅವರಿಗೆ ಜಾಗದವರೇ ದುಡ್ಡು ಕೊಟ್ಟು ಮಲಗಿಸುತ್ತಾರೆ. ಯಾಕೆಂದರೆ ಅವರು ಗುರುತು ಉಳಿಸಿ ಹೋಗುತ್ತಾರೆ. ಮುಂದಿನ ವರ್ಷದ ಬೆಳೆಯಲ್ಲಿ ಆ ಗುರುತು ಕಾಣುತ್ತದೆ, ಮುಂದಿನ ವರ್ಷ ಅವರು ಮತ್ತೆ ಬರುತ್ತಾರೆ.

ಇನ್ನೊಂದು ಬಿಡಾರ ಕಬ್ಬು ಕಡಿಯುವ ಗ್ಯಾಂಗಿನವರದು. ಫ್ಯಾಕ್ಟರಿ ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮ ಬರದ ಜಿಲ್ಲೆಗಳಿಂದ ಗಂಡ ಹೆಂಡತಿ ಮಕ್ಕಳ ಸಮೇತ ಬರುತ್ತಾರೆ. ಕಾಲುವೆಯ ಪಕ್ಕವೋ ಹೊಲದ ಅಂಚಿನಲ್ಲೋ ಜೋಪಡಿ ಹಾಕಿ ತಿಂಗಳುಗಟ್ಟಲೆ ಇರುತ್ತಾರೆ. ಅದೇ ನೀರು, ಅದೇ ನಕ್ಷತ್ರ, ಅದೇ ಮೂರು ಕಲ್ಲಿನ ಒಲೆ. ಅದನ್ನು ಯಾರೂ ಕ್ಯಾಂಪಿಂಗ್ ಅನ್ನುವುದಿಲ್ಲ. ಅವರ ಜೋಪಡಿಯನ್ನು ಇಲ್ಲಿಂದ ಕೀಳಿ, ಅಲ್ಲಿ ಹಾಕಿ ಅಂತ ಹೇಳಲು ಯಾರೂ ಅಷ್ಟು ಯೋಚಿಸುವುದಿಲ್ಲ. ನಮ್ಮ ಗಾಡಿಯ ಹತ್ತಿರ ಬಂದು "ಯಾರನ್ನ ಕೇಳಿ ನಿಂತೀರಿ" ಅನ್ನಬೇಕಾದರೆ ಆ ಹಿರಿಯರು ಸ್ವಲ್ಪ ಹೊತ್ತು ನಿಂತು ನೋಡಬೇಕಾಯಿತು. ಗಾಡಿಯ ನಂಬರ್ ಪ್ಲೇಟು, ನಮ್ಮ ಶೂ, ಕೈಯಲ್ಲಿದ್ದ ಫೋನು, ಎಲ್ಲವೂ ಅವರಿಗಿಂತ ಮೊದಲೇ ಮಾತಾಡಿದ್ದವು. ಪ್ರಶ್ನೆ ಕೇಳಿಸಿಕೊಳ್ಳದೆ ನಿಲ್ಲುವ ಸೌಕರ್ಯ ಇದೆಯಲ್ಲ, ಅದನ್ನು ನಾವು ಯಾವ ಆ್ಯಪ್‌ನಲ್ಲೂ ಬುಕ್ ಮಾಡಿರುವುದಿಲ್ಲ. ಆದರೂ ಅದು ನಮಗೆ ಸಿಕ್ಕಿರುತ್ತದೆ.

ಹಲಸಿಯಲ್ಲಿ ಸಾಮಾನ್ಯವಾಗಿ ಜನ ನೋಡುವುದು ಭೂವರಾಹ ನರಸಿಂಹ ದೇವಸ್ಥಾನ. ಅದು 12ನೇ ಶತಮಾನದ್ದು, ಗೋವೆಯ ಕದಂಬರ ಕಾಲದ್ದು. ಆದರೆ ಊರು ಅದಕ್ಕಿಂತ ಬಹಳ ಹಳೆಯದು. ಬನವಾಸಿಯ ಕದಂಬರ ಕಾಲದಲ್ಲಿ ಪಲಾಶಿಕಾ ಅನ್ನುವ ಹೆಸರಿನ ಪಟ್ಟಣ. ಇಲ್ಲಿ ಸಿಕ್ಕ ಆ ಕಾಲದ ತಾಮ್ರಪಟಗಳನ್ನು 19ನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಮೃಗೇಶವರ್ಮ ಇಲ್ಲಿಯ ಜಿನಾಲಯಕ್ಕೆ ಒಂದು ನದಿಯಿಂದ ಒಂದು ಸಂಗಮದವರೆಗಿನ 33 ನಿವರ್ತನ ಭೂಮಿ ಬಿಟ್ಟದ್ದು ಒಂದರಲ್ಲಿದೆ. ಅವನ ಮಗ ರವಿವರ್ಮನ ಕಾಲದ್ದು ಇನ್ನೊಂದು. ಒಂದು ಹಳ್ಳಿಯ ಆದಾಯದಿಂದ ಕಾರ್ತಿಕದಲ್ಲಿ ಎಂಟು ದಿನದ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟ ಸಿಗಬೇಕು ಅನ್ನುವ ಕಟ್ಟಳೆ ಅದರಲ್ಲಿದೆ.

ಜೈನ ಮುನಿಗಳು ವರ್ಷವಿಡೀ ನಡೆಯುವವರು. ಮಳೆಗಾಲದಲ್ಲಿ ಮಾತ್ರ ಒಂದು ಕಡೆ ನಿಲ್ಲುತ್ತಾರೆ. ಮಳೆ ಬಿದ್ದ ನೆಲದಲ್ಲಿ ಹುಲ್ಲು, ಹುಳು, ಮೊಳಕೆ ಎಲ್ಲ ಜೀವ ತಳೆದಿರುತ್ತದೆ, ಕಾಲಿಟ್ಟಲ್ಲೆಲ್ಲ ಏನೋ ಸಾಯುತ್ತದೆ, ಅದಕ್ಕೆ. ನಮ್ಮ ಮಾನ್ಸೂನ್ ಟ್ರಿಪ್ ಶುರುವಾಗುವುದು ಸರಿಯಾಗಿ ಅದೇ ನಾಲ್ಕು ತಿಂಗಳಲ್ಲಿ! ನಾವೂ ಮುನಿಗಳ ಹಾಗೆ ಇರಬೇಕು ಅಂತ ನಾನು ಹೇಳುತ್ತಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅಲೆದಾಡುವವನು ಒಂದು ಕಡೆ ನಿಂತರೆ ಅದರ ಖರ್ಚು ಯಾರೋ ಹೊರಬೇಕು. ಅದು ಯಾರು ಅನ್ನೋದು ತಾಮ್ರದ ಮೇಲೆ ಕೆತ್ತಿಸುವಷ್ಟು ದೊಡ್ಡ ವಿಷಯವಾಗಿತ್ತು. ಆ ಹಳ್ಳಿಯ ರೈತರನ್ನು ರಾಜ ಕೇಳಿದ್ದನೇ? ಪಟದಲ್ಲಿ ರೈತರ ಮಾತು ಇಲ್ಲ. ಆದರೆ ಖರ್ಚು ಇದೆ ಅನ್ನುವುದನ್ನು ಪಟ ಮುಚ್ಚಿಡುವುದಿಲ್ಲ. ಗುರುತು ಉಳಿಸದೆ ಹೋಗ್ತೀವಿ ಅನ್ನುವ ನಮ್ಮ ನೀತಿಯಲ್ಲಿ ಇರುವ ಸಣ್ಣ ಸುಳ್ಳು ಇದೇ. ನಾವು ನಿಂತದ್ದಕ್ಕೆ ಖರ್ಚೇ ಆಗಲಿಲ್ಲ ಅಂತ ನಾವು ನಂಬಿಕೊಳ್ಳುತ್ತೇವೆ.

ಹಾಗಾದರೆ ಹೋಗಲೇಬಾರದಾ? ಈ ಮಾತನ್ನು ನಾನು ಒಪ್ಪುವುದಿಲ್ಲ. ರಸ್ತೆ ಪಕ್ಕದ ಚಹಾದಂಗಡಿಯ ಅಕ್ಕನಿಗೆ, ಬೆಳಿಗ್ಗೆ ಮೀನು ತೂಗುವ ಸಂಘದವರಿಗೆ ನಾಲ್ಕು ಗಾಡಿ ಬಂದರೆ ನಾಲ್ಕು ಕಾಸು. ಎಲ್ಲರೂ ಮನೆಯಲ್ಲೇ ಕೂತು ರೀಲ್ಸ್‌ನಲ್ಲಿ ಹಲಸಿ ನೋಡಿದರೆ ಹಲಸಿಗೇನೂ ಉಪಕಾರ ಆಗುವುದಿಲ್ಲ. ಹೋಗಬೇಕು. ಆದರೆ ನಾವು ಹುಡುಕುವ ಜಾಗದ ವಿವರಣೆ ಬದಲಾಗಬೇಕು. ಈಗ ನಾವು ಹುಡುಕುವುದು 'ಯಾರೂ ಇಲ್ಲದ ಜಾಗ'. ಅತಿಥಿ ಅನ್ನುವವನು ಹೇಳದೆ ಬಂದರೂ ಬಾಗಿಲಿಗೇ ಬರುತ್ತಾನೆ. ಬಾಗಿಲಿಗೆ ಬಂದವನಿಗೆ ಒಳಗೆ ಬನ್ನಿ ಅನ್ನಬಹುದು, ಇವತ್ತು ಆಗಲ್ಲ ಅಂತಲೂ ಅನ್ನಬಹುದು. ಬಾಗಿಲೇ ಇಲ್ಲದ ಕಡೆ ಗಾಡಿ ನಿಲ್ಲಿಸಿದರೆ 'ಆಗಲ್ಲ' ಅನ್ನುವ ಹಕ್ಕನ್ನು ಊರಿನವರ ಕೈಯಿಂದ ಕಿತ್ತುಕೊಂಡ ಹಾಗೆ. ಆ ಹಕ್ಕನ್ನು ಅವರ ಕೈಯಲ್ಲೇ ಬಿಡುವುದು ಕಸ ಹೆಕ್ಕುವುದಕ್ಕಿಂತ ಕಷ್ಟ, ಯಾಕೆಂದರೆ ಅದರಲ್ಲಿ ನಮ್ಮ ವೀಕೆಂಡ್ ಹಾಳಾಗುವ ಸಾಧ್ಯತೆ ಇದೆ. ಆ ಸಾಧ್ಯತೆ ಇಲ್ಲದೆ ಕೇಳಿದ್ದು ಕೇಳಿದ್ದೇ ಅಲ್ಲ ಅಂತ ನನ್ನ ಅನಿಸಿಕೆ.

ಇನ್ನು ನೆರೆಹೊರೆಯ ಪ್ರಶ್ನೆ. ಖಾನಾಪುರದಿಂದ ಮುಂದೆ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿಗೆ ಸೇರುತ್ತಾಳೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೋಗುವುದು ಆ ಜಲಾಶಯದಿಂದ. ನಮ್ಮ ಐದು ಜನರಲ್ಲಿ ಇಬ್ಬರು ಹುಬ್ಬಳ್ಳಿಯವರು. ಗಾಡಿಯ ಸಿಂಕಿನ ಸೋಪುನೀರನ್ನು ಮರುದಿನ ಹೊಳೆಯ ದಂಡೆಗೆ ಬಿಡೋಣವೋ ಬೇಡವೋ ಅನ್ನುವ ಮಾತು ಬಂದಾಗ ಅವರಲ್ಲೊಬ್ಬಳು ಹೇಳಿದಳು: "ಬಿಡ್ರಿ, ಎಂಟ ದಿನಕ್ಕ ನಮ್ಮವ್ವ ಕೊಡಾ ತುಂಬ್ತಾಳ." ನಕ್ಕೆವು. ನೀರು ಗಾಡಿಯಲ್ಲೇ ಬೆಳಗಾವಿಯವರೆಗೆ ಬಂತು.