ಕಾಯಿಲೆ ಮತ್ತು ನಂಬಿಕೆ: ಒಂದು ತಕರಾರು

ಬಡವರ ಕಾಯಿಲೆ ವಾಸಿಯಾಗದೆ ಉಳಿದಾಗ ಅದಕ್ಕೆ ಅವರ ನಂಬಿಕೆಯೇ ಕಾರಣವೆಂದು ತೀರ್ಮಾನಿಸುವುದು ಬಹಳ ಹಳೆಯ ಅಭ್ಯಾಸ. ಆದರೆ ಅದೇ ತೀರ್ಮಾನ ಸಂಸ್ಕೃತಿಯ ಬಗೆಗಿನ ಗೌರವದ ಹೆಸರಿನಲ್ಲಿ, ವಿದ್ವತ್ತಿನ ಉಡುಪು ತೊಟ್ಟು ಮರಳಿ ಬಂದಾಗ ಅದನ್ನು ಸುಮ್ಮನೆ ಒಪ್ಪಿಕೊಳ್ಳುವಂತಿಲ್ಲ. ಹಿಂದೆ ಮೂಢನಂಬಿಕೆ ಎಂದು ಜರೆಯುತ್ತಿದ್ದುದನ್ನು ಈಗ ಜನರದೇ ಆದ ವಿವರಣೆ ಎಂದು ಕರೆಯಲಾಗುತ್ತದೆ. ದನಿ ಮೆತ್ತಗಾಗಿದೆ, ಆರೋಪ ಮಾತ್ರ ಇದ್ದಲ್ಲೇ ಇದೆ. ಆರೋಗ್ಯ, ಕಾಯಿಲೆ ಮತ್ತು ಚಿಕಿತ್ಸೆಗಳನ್ನು ಬೇರೆ ಬೇರೆ ಸಮಾಜಗಳ ಬದುಕಿನೊಳಗಿಟ್ಟು ಪರಿಶೀಲಿಸುವ ವೈದ್ಯಕೀಯ ಮಾನವಶಾಸ್ತ್ರ ಈ ಆರೋಪವನ್ನು ಬೇರುಸಹಿತ ಕೀಳಬೇಕಿತ್ತು. ಹಾಗೆ ಮಾಡದೆ ಅದು ಆರೋಪಕ್ಕೆ ಹೊಸ ನೆಲೆ ಒದಗಿಸಿಕೊಟ್ಟಿತು ಎಂಬುದು ಈ ಪ್ರಬಂಧದ ವಾದ.

ಈ ಶಾಸ್ತ್ರದ ಹಿರಿಯರಾದ ರಿವರ್ಸ್ ಮತ್ತು ಇವಾನ್ಸ್-ಪ್ರಿಚರ್ಡ್ ಬುಡಕಟ್ಟುಗಳ ವೈದ್ಯಕ್ಕೂ ಮಾಟದ ಕಲ್ಪನೆಗೂ ತಮ್ಮದೇ ತರ್ಕವಿದೆಯೆಂದು ತೋರಿಸಿದರು. ಅವರ ನಂತರ ಗಿಡಮೂಲಿಕೆಗಳ ಪಟ್ಟಿ ಮಾಡುವವರ ದೊಡ್ಡ ಪರಂಪರೆಯೇ ಬೆಳೆಯಿತು. ಇವುಗಳೊಂದಿಗೆ ಇಲ್ಲಿ ಜಗಳವಿಲ್ಲ. ಎದುರಿಸಬೇಕಾದವರು ಅಮೆರಿಕದ ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್, ಏಕೆಂದರೆ ಇಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಂಸ್ಕೃತಿಯ ಹೆಸರಿನಲ್ಲಿ ಕಲಿಸುವುದರಲ್ಲಿ ಬಹುಪಾಲು ಅವರಿಂದಲೇ ಬಂದದ್ದು. ವೈದ್ಯರು ದೇಹದಲ್ಲಿ ಗುರುತಿಸುವ ವಿಕಾರವನ್ನು ರೋಗವೆಂದೂ, ರೋಗಿ ಮತ್ತು ಮನೆಯವರು ಅನುಭವಿಸಿ ಅರ್ಥ ಹಚ್ಚುವ ನರಳಾಟವನ್ನು ಬೇನೆಯೆಂದೂ ಅವರು ಬೇರ್ಪಡಿಸಿದರು. 1978ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಬರೆದ ಲೇಖನದಲ್ಲಿ, ಕಾಯಿಲೆ ಯಾವುದರಿಂದ ಬಂತು, ಆಗಲೇ ಏಕೆ ಶುರುವಾಯಿತು, ಎಂಥ ಚಿಕಿತ್ಸೆ ಬೇಕು, ಯಾವುದಕ್ಕೆ ಹೆಚ್ಚು ಹೆದರಿಕೆ ಎಂಬಂಥ ಕೆಲವು ಪ್ರಶ್ನೆಗಳನ್ನು ವೈದ್ಯರು ಕೇಳಬೇಕೆಂದು ಸೂಚಿಸಿದರು. ಇದರಿಂದ ದೊರೆಯುವ ಚಿತ್ರವೇ ವಿವರಣಾ ಮಾದರಿ, ಅಂದರೆ ತನ್ನ ಕಾಯಿಲೆಯ ಕಾರಣ ಮತ್ತು ಗತಿಯ ಬಗ್ಗೆ ರೋಗಿಗೆ ಇರುವ ತಿಳಿವಳಿಕೆ.

ಇದು ಸಹೃದಯ ಪ್ರಸ್ತಾಪ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂಥ ಮಾದರಿಯೊಂದು ರೋಗಿಯ ತಲೆಯೊಳಗೆ ಸಿದ್ಧವಾಗಿ ಕುಳಿತಿರುತ್ತದೆ ಎಂಬ ಎಣಿಕೆಯೇ ಪರೀಕ್ಷೆಗೆ ನಿಲ್ಲುವುದಿಲ್ಲ. ಈ ಲೇಖಕರ ತಂದೆಯ ಅಡಿಕೆ ತೋಟದಲ್ಲಿ ಕೊನೆ ಇಳಿಸುತ್ತಿದ್ದ ಕೊನೆಗೌಡರೊಬ್ಬರಿಗೆ ಕ್ಷಯ ತಗುಲಿದಾಗ ಅವರು ಆಸ್ಪತ್ರೆಯಲ್ಲಿ ಧೂಳಿನಿಂದ ಬಂತೆಂದರು, ನಾಟಿ ವೈದ್ಯರ ಮುಂದೆ ಉಷ್ಣವೆಂದರು, ನೆರೆಮನೆಯವರೊಡನೆ ದೃಷ್ಟಿ ತಾಗಿದ ಮಾತಾಡಿದರು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಪೂರ್ತಿಯೂ ಅಲ್ಲ, ಕೇಳಿದವರಿಗೆ ತಕ್ಕಂತೆ ಉತ್ತರ ಹುಟ್ಟುತ್ತಿತ್ತು. ಅವರು ನಡುವೆ ಮಾತ್ರೆ ಬಿಟ್ಟಾಗ ನಾಟಿ ಔಷಧದ ಮೇಲಿನ ನಂಬಿಕೆಯೇ ಕಾರಣವೆಂದು ಆಸ್ಪತ್ರೆಯವರು ಹೇಳಿದರು. ನಿಜಸಂಗತಿ ಬೇರೆ ಇತ್ತು: ಬರೀ ಗಂಜಿ ಕುಡಿದ ಹೊಟ್ಟೆಗೆ ಮಾತ್ರೆ ಬಿದ್ದರೆ ವಾಂತಿಯಾಗುತ್ತಿತ್ತು, ಪೇಟೆಗೆ ಹೋಗಿಬಂದರೆ ಅಂದಿನ ಕೂಲಿ ಕೈತಪ್ಪುತ್ತಿತ್ತು, ಮರ ಹತ್ತಲಾಗದವರಿಗೆ ಕೊನೆಕೊಯ್ಲಿನಲ್ಲಿ ಬೇರೆ ಸಂಪಾದನೆಯೂ ಇರಲಿಲ್ಲ. ಮಾತ್ರೆಯ ಪಟ್ಟಿ ಅಕ್ಕಿ ಡಬ್ಬದ ಮೇಲೆ ಹಾಗೆಯೇ ಉಳಿದಿತ್ತು. ಡಬ್ಬದಲ್ಲಿ ಅಕ್ಕಿ ಎಷ್ಟಿದೆ ಎಂದು ಯಾರೂ ವಿಚಾರಿಸಲಿಲ್ಲ.

ಕ್ಲೈನ್‌ಮನ್ ಅವರ ಶಿಷ್ಯರೇ ಆದ ವೈದ್ಯ ಪಾಲ್ ಫಾರ್ಮರ್ ಹೈಟಿಯ ಹಳ್ಳಿಗಾಡಿನಲ್ಲಿ ಕಂಡದ್ದೂ ಇದನ್ನೇ. ಅಲ್ಲಿ ಕ್ಷಯರೋಗಿಗಳ ಒಂದು ಗುಂಪಿಗೆ ಉಚಿತ ಔಷಧದ ಜೊತೆಗೆ ಹಣದ ನೆರವು ಮತ್ತು ಪೌಷ್ಟಿಕ ಆಹಾರ ದೊರೆಯಿತು, ಇನ್ನೊಂದು ಗುಂಪಿಗೆ ಔಷಧ ಮಾತ್ರ. ಮೊದಲನೆಯ ಗುಂಪಿನವರೆಲ್ಲ ಗುಣಹೊಂದಿದರೆ, ಎರಡನೆಯದರಲ್ಲಿ ಗುಣವಾದವರು ಸುಮಾರು ಅರ್ಧದಷ್ಟು. ಕ್ಷಯ ಮಾಟದಿಂದಲೂ ಬರಬಹುದೆಂಬ ಭಾವನೆ ಎರಡೂ ಗುಂಪುಗಳಲ್ಲಿತ್ತು. ಫಲಿತಾಂಶಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಇಷ್ಟಾದರೂ ಕ್ಲೈನ್‌ಮನ್ ಅವರನ್ನು ಇಲ್ಲಿಗೇ ಕೈಬಿಡುವುದು ಅನ್ಯಾಯವಾದೀತು. ತಮ್ಮ ಪ್ರಶ್ನೆಗಳು ಯಾಂತ್ರಿಕ ಪಟ್ಟಿಯಾಗಿ ಬಳಕೆಯಾಗುವುದನ್ನು ಕಂಡು 2006ರಲ್ಲಿ ಸ್ವತಃ ಅವರೇ ಎಚ್ಚರಿಕೆ ಕೊಟ್ಟರು. ಅದಕ್ಕಿಂತ ಮುಖ್ಯವಾದದ್ದು ಚೀನಾದಲ್ಲಿ ಅವರು ಮಾಡಿದ ಕೆಲಸ. 1980ರಲ್ಲಿ ಹುನಾನ್ ವೈದ್ಯಕೀಯ ಕಾಲೇಜಿನಲ್ಲಿ, ನರದೌರ್ಬಲ್ಯವೆಂಬ ಹೆಸರಿನಡಿ ಚಿಕಿತ್ಸೆಗೆ ಬಂದಿದ್ದ 100 ಮಂದಿಯನ್ನು ಪರೀಕ್ಷಿಸಿ, ಅವರಲ್ಲಿ 87 ಮಂದಿಗೆ ಅಮೆರಿಕದ ಮಾನದಂಡದ ಪ್ರಕಾರ ತೀವ್ರ ಖಿನ್ನತೆಯಿದೆಯೆಂದು ಅವರು ಗುರುತಿಸಿದರು. ಔಷಧದಿಂದ ಹಲವರ ಲಕ್ಷಣಗಳು ತಗ್ಗಿದರೂ, ಕೆಲಸ, ಸಂಸಾರ ಮತ್ತು ಸಾಂಸ್ಕೃತಿಕ ಕ್ರಾಂತಿ ಬಿಟ್ಟುಹೋದ ಸಂಕಟಗಳು ಬಗೆಹರಿಯದ ಕಡೆ ನರಳಾಟ ನಿಲ್ಲಲಿಲ್ಲವೆಂದೂ ದಾಖಲಿಸಿದರು. ನರಳಾಟದ ಕಥೆಯನ್ನು ಕೇಳದಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ. ಹಾಗಾಗಿ ನಂಬಿಕೆಯನ್ನು ಬದಿಗಿಟ್ಟು ಅಕ್ಕಿ, ಕೂಲಿಗಳನ್ನಷ್ಟೇ ನೋಡಿದರೆ ಸಾಕೆಂಬ ನಿಲುವೂ ಪೂರ್ತಿ ನಿಲ್ಲುವುದಿಲ್ಲ.

ವಾದಕ್ಕೆ ಇನ್ನೂ ದೊಡ್ಡ ತೊಡಕು ಮಂಗನ ಕಾಯಿಲೆಯಿಂದ ಬರುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ಕಾಯಿಲೆಯ ವೈರಸ್ಸನ್ನು ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳು. 1982ರ ಕೊನೆಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಲ್ಲೇ ಅದು ಅಲ್ಲಿಯೂ ಕಾಣಿಸಿಕೊಂಡಿತು. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ತಮ್ಮ ಅಧ್ಯಯನದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಕಾಡು ಕಡಿದದ್ದಕ್ಕೆ ದೈವ ಮುನಿಯಿತು ಎಂದು ಆ ಸೀಮೆಯ ಕೂಲಿಯವರೊಬ್ಬರು ಹೇಳಿದರೆ, ಕ್ಲೈನ್‌ಮನ್ ಅವರ ವಿಂಗಡಣೆಯಂತೆ ಆ ಮಾತು ಬೇನೆಯ ಖಾತೆಗೆ ಹೋಗುತ್ತದೆ, ವೈರಸ್ ರೋಗದ ಖಾತೆಗೆ. ಆದರೆ ಆ ಮಾತಿನ ಅರ್ಧ ಭಾಗ, ಅಂದರೆ ಕಾಡು ಕಡಿದದ್ದಕ್ಕೂ ಕಾಯಿಲೆಗೂ ಇರುವ ನಂಟು, ರೋಗದ ಬಗೆಗೇ ಹೇಳಿದ ಸಾಕ್ಷ್ಯ. ಸಾಕ್ಷ್ಯವನ್ನು ಭಾವನೆಯೆಂದು ಪರಿಗಣಿಸಿ ಗೌರವದಿಂದ ಆಲಿಸುವುದೆಂದರೆ, ಅದಕ್ಕೆ ಉತ್ತರ ಕೊಡುವ ಹೊಣೆಯಿಂದ ನುಣುಚಿಕೊಳ್ಳುವುದೇ ಆಗುತ್ತದೆ.

ಆದರೆ ಸಾಕ್ಷ್ಯವೆಂದ ಮೇಲೆ ಅದು ತಪ್ಪಾಗಿರಲೂಬಹುದು. ದೈವದ ಮುನಿಸಿಗೆ ಹರಕೆ ಸಲ್ಲಿಸಿದ ಮಾತ್ರಕ್ಕೆ ಉಣುಗು ಕಚ್ಚದೆ ಬಿಡುವುದಿಲ್ಲ, ಕಾಡಿಗೆ ಹೋಗುವವರು ಮೈಗೆ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಲೇಬೇಕು. ಇತ್ತ ಪ್ರಯೋಗಾಲಯದ ಕಡೆಯೂ ಎಲ್ಲವೂ ಗಟ್ಟಿಯಾಗಿಲ್ಲ. ದಶಕಗಳ ಕಾಲ ಮಲೆನಾಡಿನಲ್ಲಿ ಕೊಟ್ಟ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಜನರ ಮಾತಿನಲ್ಲಿ ಯಾವ ಅರ್ಧ ನಿಜ, ಯಾವ ಅರ್ಧ ಅಲ್ಲ ಎಂದು ಅಳೆಯುವ ಕೋಲು ಇಂದಿಗೂ ಪ್ರಯೋಗಾಲಯದ ಕೈಯಲ್ಲೇ ಇದೆ. ಆ ಕೋಲನ್ನು ಇನ್ನಾರ ಕೈಗೆ ಕೊಡಬಹುದೆಂಬ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ. ನಂಬಿಕೆಯನ್ನು ಆರೋಪಿಯ ಕಟಕಟೆಯಿಂದ ಇಳಿಸುವುದು ಸುಲಭ, ಸಾಕ್ಷಿಯ ಕಟಕಟೆಗೆ ಹತ್ತಿಸಿದ ಮೇಲೆ ಅದನ್ನು ವಿಚಾರಿಸುವ ಬಗೆ ಇನ್ನೂ ರೂಪುಗೊಳ್ಳಬೇಕಿದೆ. ಅದು ರೂಪುಗೊಳ್ಳುವವರೆಗೆ ವೈದ್ಯರೂ ವಿದ್ವಾಂಸರೂ ಕನಿಷ್ಠ ಎರಡು ಕೆಲಸ ಮಾಡಲಿ: ಚಿಕಿತ್ಸೆ ಅರ್ಧಕ್ಕೆ ನಿಂತಾಗ ನಂಬಿಕೆಗಿಂತ ಮೊದಲು ಊಟ, ಕೂಲಿ, ದಾರಿಖರ್ಚುಗಳನ್ನು ವಿಚಾರಿಸಲಿ, ನಂಬಿಕೆಯನ್ನು ವಿಚಾರಿಸುವಾಗ ಅದು ನಿಜವಿದ್ದರೂ ಇರಬಹುದೆಂದುಕೊಂಡೇ ವಿಚಾರಿಸಲಿ.